ಶೆಡ್ಡಿನ ಮೊದಲ ಲೆಕ್ಕ ಧೂಳಿನದು

ಮನೆ ಹಿಂದಿನ ಶೆಡ್ಡನ್ನು ಈ ಸಲ ಸರಿಮಾಡಿಯೇ ತೀರಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ತರುವುದು ತೂತಿನ ಬೋರ್ಡನ್ನು. ಗೋಡೆಗೆ ಬೋರ್ಡು ಹೊಡೆದು, ಕೊಕ್ಕೆ ಸಿಕ್ಕಿಸಿ, ಸುತ್ತಿಗೆ, ಸ್ಪ್ಯಾನರ್, ಕರಗಸ, ಇಕ್ಕಳಗಳನ್ನು ಸಾಲಾಗಿ ನೇತುಹಾಕಿ, ಒಂದೊಂದರ ಸುತ್ತ ಬಣ್ಣದಲ್ಲಿ ಅದರ ಆಕಾರ ಬರೆದುಬಿಟ್ಟರೆ ಶೆಡ್ಡಿಗೆ ಶಿಸ್ತು ಬಂದಂತೆ ಎಂಬ ನಂಬಿಕೆಯಿದೆ. ನೋಡುವುದಕ್ಕೆ ಚೆನ್ನ, ಫೋಟೊಗಂತೂ ಇನ್ನೂ ಚೆನ್ನ. ಆದರೆ ಸಂಡೂರು ತಾಲ್ಲೂಕಿನ ದೋಣಿಮಲೈಯಂಥ ಊರಲ್ಲಿ ಈ ಬೋರ್ಡಿನಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂಬುದು ನನ್ನ ವಾದ. 1977ರಲ್ಲಿ ಎನ್‌ಎಂಡಿಸಿ ಇಲ್ಲಿ ಕಬ್ಬಿಣದ ಅದಿರು ತೆಗೆಯಲು ಶುರುಮಾಡಿತು. ಟೌನ್‌ಶಿಪ್ ಬದುಕಿರುವುದು ಆ ಗಣಿಯಿಂದ. ಫಿಟ್ಟರು, ವೆಲ್ಡರು, ಎಲೆಕ್ಟ್ರಿಷಿಯನ್ನು, ಡಂಪರ್ ಓಡಿಸುವವರು, ಹೀಗೆ ಕೈಕೆಲಸ ಬಲ್ಲವರಿಗೆ ಇಂಥ ಊರಲ್ಲಿ ಬರವಿಲ್ಲ. ಕೈಕೆಲಸ ಬಲ್ಲವರ ಹಿತ್ತಿಲಲ್ಲಿ ಪತ್ರಾಸ್ ಶೆಡ್ಡು, ಅದರೊಳಗೆ ಒಂದು ವೈಸು, ಒಂದು ಡ್ರಿಲ್ ಮಷಿನ್ನು, ಬಿಚ್ಚಿಟ್ಟ ಸ್ಕೂಟರಿನ ಕಾರ್ಬೊರೇಟರು ಇರುವುದು ಸಹಜ. ಇಂಥ ಶೆಡ್ಡಿನಲ್ಲಿ ಜಾಗ ಸಾಲದು, ಸಾಮಾನು ಸಿಗದು ಎಂಬ ದೂರುಗಳೆಲ್ಲ ಆಮೇಲಿನ ಮಾತು. ಮೊದಲು ಬರುವುದು ಕೆಂಧೂಳು. ಅದರ ಲೆಕ್ಕ ಚುಕ್ತಾ ಮಾಡದೆ ಜೋಡಿಸಿಟ್ಟ ಶೆಡ್ಡು ಒಂದು ಬೇಸಿಗೆಯನ್ನೂ ದಾಟುವುದಿಲ್ಲ.

ಧೂಳು ಎಲ್ಲ ಊರಲ್ಲೂ ಇದೆಯಲ್ಲ, ಇಲ್ಲಿನದಕ್ಕೇನು ವಿಶೇಷ ಎಂದು ಕೇಳಬಹುದು. ವಿಶೇಷವಿದೆ. ಸಂಡೂರಿನ ಬೆಟ್ಟಗಳ ಅದಿರು ಮುಖ್ಯವಾಗಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡು. ಅದರ ಜೊತೆಗೆ ಪಟ್ಟೆ ಪಟ್ಟೆಯಾಗಿ ಬೆಣಚುಕಲ್ಲು ಸೇರಿಕೊಂಡಿರುತ್ತದೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾನದಲ್ಲಿ ಗಟ್ಟಿ ಹೆಮಟೈಟ್ ಐದೂವರೆಯಿಂದ ಆರೂವರೆಯವರೆಗೆ ನಿಲ್ಲುತ್ತದೆ, ಬೆಣಚುಕಲ್ಲು ಏಳಕ್ಕೆ. ನಮ್ಮ ನಿಮ್ಮ ಸ್ಪ್ಯಾನರಿನ ಪಕ್ಕದ ಪಟ್ಟಿ, ಬಾಗಿಲ ಕೊಂಡಿ, ಬೆಂಚಿನ ಆಂಗಲ್ಲು ಇವೆಲ್ಲ ಮಾಡಿರುವ ಮೆದು ಉಕ್ಕು ನಾಲ್ಕರ ಆಸುಪಾಸು. ಹಾಗಾಗಿ ದೋಣಿಮಲೈಯ ಧೂಳು ಉಕ್ಕಿನ ಮೇಲೆ ಬರಿದೇ ಕೂರುವುದಿಲ್ಲ, ಉಜ್ಜಿದರೆ ಗೀರುತ್ತದೆ. ಇದು ಹೊಸ ಸಂಗತಿಯೂ ಅಲ್ಲ. ಚಿನ್ನಕ್ಕೆ ಹೊಳಪು ಕೊಡಲು, ದೂರದರ್ಶಕದ ಕನ್ನಡಿ ನಯಗೊಳಿಸಲು ಬಹುಕಾಲದಿಂದ ಬಳಸುತ್ತಿರುವ ರೂಜ್ ಎಂಬ ಕೆಂಪು ಪುಡಿ ಇದೇ ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗ ಬೇಕೆಂದೇ ಹಚ್ಚಿ ತಿಕ್ಕುವ ವಸ್ತುವನ್ನು ಗಾಳಿ ಇಲ್ಲಿ ಪುಕ್ಕಟೆಯಾಗಿ ತಂದು ಡ್ರಿಲ್ ಮಷಿನ್ನಿನ ಬೇರಿಂಗಿಗೆ ಹಚ್ಚುತ್ತದೆ. ಅದಕ್ಕೆ ಎಣ್ಣೆಯೂ ಸೇರಿದರೆ ಕೆಲಸ ಪೂರ್ತಿಯಾಯಿತು. ಎಣ್ಣೆ ಬಿಟ್ಟರೆ ತುಕ್ಕು ಹಿಡಿಯುವುದಿಲ್ಲ ಎಂದು ವೈಸಿನ ಸ್ಕ್ರೂವಿಗೆ, ಸಣ್ಣ ಲೇತಿನ ಹಾಸಿಗೆಗೆ ಧಾರಾಳವಾಗಿ ಎಣ್ಣೆ ಸುರಿಯುವ ರೂಢಿಯುಂಟು. ಆ ಎಣ್ಣೆ ಧೂಳನ್ನು ಹಿಡಿದಿಟ್ಟು, ಎರಡೂ ಸೇರಿ ವಾಲ್ವ್ ಕೂರಿಸಲು ಮೆಕ್ಯಾನಿಕ್ಕರು ಬಳಸುವ ಗ್ರೈಂಡಿಂಗ್ ಪೇಸ್ಟಿನಂತೆಯೇ ಆಗುತ್ತದೆ. ಹಿಡಿ ತಿರುಗಿಸಿದಷ್ಟೂ ಸವೆತ. ಸಣ್ಣ ಬೇರಿಂಗಿನೊಳಗಿನ ಸಡಿಲು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅಲ್ಲಿ ಕಣ್ಣಿಗೆ ಕಾಣದ ಕಣವೂ ದೊಡ್ಡ ಕಲ್ಲೇ. ಸಾಮಾನ್ಯ ವರ್ನಿಯರ್ ಕ್ಯಾಲಿಪರ್ ಓದುವ ಅತಿ ಸಣ್ಣ ಅಳತೆ 0.02 ಮಿಲಿಮೀಟರ್, ಅದರ ದವಡೆಗಳ ನಡುವೆ ಅಷ್ಟೇ ದಪ್ಪದ ಒಂದು ಕಣ ಕೂತರೂ ಅಳತೆ ಒಂದು ಗೆರೆ ತಪ್ಪುತ್ತದೆ.

ಇದೇ ಆಕ್ಸೈಡು ಬೇರೆ ವೇಷದಲ್ಲಿ ಬಂದರೆ ನಮಗೆ ಬೇಕಾದ ನೆಂಟ ಎಂಬುದನ್ನೂ ಹೇಳಬೇಕು. ಹಳೇ ಮನೆಗಳ ಕೆಂಪು ನೆಲಕ್ಕೆ ಬಣ್ಣ ಕೊಡುವುದು ಅದೇ. ಬಾಗಿಲು, ಗ್ರಿಲ್ಲಿಗೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರಿನಲ್ಲಿರುವುದೂ ಅದೇ. ಸಿಮೆಂಟಿನಲ್ಲಿ, ಬಣ್ಣದಲ್ಲಿ ಕಟ್ಟಿಹಾಕಿದಾಗ ಅದು ರಕ್ಷಣೆ. ಸಡಿಲವಾಗಿ ಹಾರಾಡಿದಾಗ ಉಜ್ಜುಕಾಗದ. ಶೆಡ್ಡಿಗೆ ಕೆಂಪು ನೆಲ ಹಾಕಿಸಿದರೆ ನಯವಾಗಿ ಒದ್ದೆಬಟ್ಟೆಗೆ ಚೊಕ್ಕಟವಾಗುತ್ತದೆ ನಿಜ. ಆದರೆ ಕೆಂಪು ನೆಲದ ಮೇಲೆ ಕೆಂಧೂಳು ಕಾಣುವುದಿಲ್ಲ. ಕಾಣದ ಧೂಳನ್ನು ಯಾರೂ ಒರೆಸುವುದಿಲ್ಲ. ನೆಲ ಕೆಂಪಿದ್ದರೂ ಇರಲಿ, ಬೆಂಚಿನ ಮೇಲ್ಮೈ ಮಾತ್ರ ಬಿಳಿಯೋ ತಿಳಿಬೂದಿಯೋ ಆಗಿರಬೇಕು. ಬಿಳಿ ಸನ್‌ಮೈಕಾದ ಒಂದು ತುಂಡು ಎಷ್ಟು ಕೆಲಸ ಮಾಡುತ್ತದೆಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ತೂತಿನ ಬೋರ್ಡಿನ ಪರವಾಗಿರುವ ವಾದ ಬಲವಾದದ್ದೇ. ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ‘ಫೈವ್ ಎಸ್’ ಗೊತ್ತು. ಜಪಾನಿನಿಂದ ಬಂದ ಐದು ಹೆಜ್ಜೆಗಳು ಅವು: ಸೇರಿ, ಸೇಯ್‌ತೋನ್, ಸೇಯ್‌ಸೊ, ಸೇಯ್‌ಕೆತ್ಸು, ಶಿತ್ಸುಕೆ. ಬೇಡದ್ದನ್ನು ಬೇರ್ಪಡಿಸು, ಬೇಕಾದ್ದಕ್ಕೆ ಜಾಗ ಗೊತ್ತುಮಾಡು, ಚೊಕ್ಕಟ ಮಾಡು, ಅದನ್ನೇ ಪದ್ಧತಿ ಮಾಡು, ಪದ್ಧತಿಯನ್ನು ಉಳಿಸಿಕೋ. ಇದರಲ್ಲಿ ಎರಡನೆಯ ಹೆಜ್ಜೆಯ ಪ್ರಸಿದ್ಧ ಸಾಧನವೇ ಆಕಾರ ಬರೆದ ಬೋರ್ಡು. ಯಾವ ಸ್ಪ್ಯಾನರು ಜಾಗಕ್ಕೆ ಮರಳಿಲ್ಲವೆಂಬುದು ಬಾಗಿಲಲ್ಲಿ ನಿಂತೇ ಕಾಣುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದರೆ ಆ ಪದ್ಧತಿ ಹುಟ್ಟಿದ್ದು ನೂರಾರು ಕೈಗಳು ಒಂದೇ ಹತಾರವನ್ನು ಹಂಚಿಕೊಳ್ಳುವ ಕಾರ್ಖಾನೆಯೊಳಗೆ. ಅಲ್ಲಿ ಪಾಳಿ ಬದಲಾಗುವಾಗ ಲೆಕ್ಕ ಒಪ್ಪಿಸಬೇಕು, ದಿನವೂ ಒರೆಸಲು ಆಳಿದ್ದಾರೆ. ಮನೆಯ ಶೆಡ್ಡಿಗೆ ಇರುವುದು ಎರಡೇ ಕೈ, ಅದೂ ಭಾನುವಾರಕ್ಕೆ. ಶನಿವಾರದವರೆಗೆ ಆರು ದಿನ ಗೋಡೆಯ ಮೇಲಿನ ಹತಾರಗಳಿಗೆ ಧೂಳೊಂದೇ ಗಿರಾಕಿ. ಐದು ಹೆಜ್ಜೆಗಳನ್ನು ನಾನು ಬಿಡಿ ಎನ್ನುತ್ತಿಲ್ಲ. ಚೊಕ್ಕಟ ಮಾಡು ಎಂಬ ಮೂರನೆಯ ಹೆಜ್ಜೆಯನ್ನು ಇಲ್ಲಿ ಮೊದಲಿಗೆ ತರಬೇಕು, ಅದರಲ್ಲೂ ಧೂಳು ತೆಗೆಯುವುದಕ್ಕಿಂತ ಧೂಳು ಕೂರದಂತೆ ತಡೆಯುವುದನ್ನು ತರಬೇಕು ಎನ್ನುತ್ತಿದ್ದೇನೆ. ಹಾಗೆ ಮಾಡಿದರೆ ಉಳಿದ ಹೆಜ್ಜೆಗಳ ರೂಪವೇ ಬದಲಾಗುತ್ತದೆ. ತೆರೆದ ಗೋಡೆಯ ಬದಲು ಮುಚ್ಚಿದ ಡ್ರಾಯರು, ಮುಚ್ಚಳವಿರುವ ಪೆಟ್ಟಿಗೆ, ಹಳೆಯ ಗಾಡ್ರೇಜು.

ಮುಚ್ಚಿಟ್ಟದ್ದು ಮರೆತುಹೋಗುತ್ತದೆ, ಇದ್ದ ಹತ್ತು ನಂಬರ್ ಸ್ಪ್ಯಾನರನ್ನೇ ಇನ್ನೊಂದು ಸಲ ಹೊಸಪೇಟೆಯಿಂದ ತರುವಂತಾಗುತ್ತದೆ ಎಂಬುದು ಇದಕ್ಕೆ ಬರುವ ಮುಖ್ಯ ಆಕ್ಷೇಪ. ಆಳವಾದ ಪೆಟ್ಟಿಗೆಯಾದರೆ ಈ ಆಕ್ಷೇಪ ನೂರಕ್ಕೆ ನೂರು ಸರಿ. ಗೋಣಿಚೀಲದಲ್ಲಿ, ಟ್ರಂಕಿನ ತಳದಲ್ಲಿ ಹಾಕಿದ ಹತಾರ ಇಲ್ಲದ ಹತಾರಕ್ಕೆ ಸಮ. ಆದರೆ ಮುಚ್ಚಿರುವುದಕ್ಕೂ ಕಾಣದಿರುವುದಕ್ಕೂ ಗಂಟುಹಾಕಬೇಕಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಹೆನ್ರಿ ಸ್ಟಡ್ಲಿ ಎಂಬ ಪಿಯಾನೊ ತಯಾರಕ ನೂರು ವರ್ಷಗಳ ಹಿಂದೆ ತನಗಾಗಿ ಮಾಡಿಕೊಂಡ ಒಂದು ಗೋಡೆಪೆಟ್ಟಿಗೆ ಬಡಗಿಗಳ ಲೋಕದಲ್ಲಿ ಬಹಳ ಹೆಸರಾದದ್ದು. ಮುಚ್ಚಿದಾಗ ಸುಮಾರು 40 ಇಂಚು ಎತ್ತರ, 20 ಇಂಚು ಅಗಲದ ಆ ಪೆಟ್ಟಿಗೆಯನ್ನು ಪುಸ್ತಕದಂತೆ ತೆರೆದರೆ ಸುಮಾರು 300 ಹತಾರಗಳು ತಮ್ಮ ತಮ್ಮ ಗೂಡಿನಲ್ಲಿ ಕೂತಿರುವುದು ಕಾಣುತ್ತದೆ. ತೂತಿನ ಬೋರ್ಡಿನ ಗುಣ, ಪೆಟ್ಟಿಗೆಯ ಗುಣ ಎರಡೂ ಅದರಲ್ಲಿ ಸೇರಿವೆ. ಎಲ್ಲರೂ ಸ್ಟಡ್ಲಿಯಾಗಬೇಕಿಲ್ಲ. ಎರಡು ಇಂಚಿಗಿಂತ ಆಳವಿಲ್ಲದ ಡ್ರಾಯರು, ಒಂದರ ಮೇಲೊಂದು ಹತಾರ ಇಡಲು ಆಗದಷ್ಟು ಮಾತ್ರ ಆಳ. ಅದರೊಳಗೆ ತಿಳಿಬಣ್ಣದ ಫೋಮು ಅಥವಾ ದಪ್ಪ ರಟ್ಟು ಹಾಸಿ ಹತಾರದ ಆಕಾರ ಕತ್ತರಿಸುವುದು. ಡ್ರಾಯರಿನ ಮುಖದ ಮೇಲೆ ಒಳಗೇನಿದೆಯೆಂದು ದೊಡ್ಡಕ್ಷರದಲ್ಲಿ ಬರೆಯುವುದು. ಇಷ್ಟಾದರೆ ಖಾಲಿ ಗೂಡು ತಾನಾಗಿಯೇ ದೂರು ಹೇಳುತ್ತದೆ.

ಎಲ್ಲವನ್ನೂ ಒಳಗಿಡಬೇಕೆಂಬ ಹಟವೂ ಬೇಡ. ಸುತ್ತಿಗೆ, ಹಾರೆ, ಸಲಿಕೆ, ಗರಗಸದ ಖಾಲಿ ಚೌಕಟ್ಟು, ಸಿ-ಕ್ಲ್ಯಾಂಪಿನ ಮೈ, ಇವುಗಳ ಮೇಲೆ ಧೂಳು ಕೂತರೆ ಯಾವ ನಷ್ಟವೂ ಇಲ್ಲ. ಅವು ಗೋಡೆಯ ಮೇಲೆಯೇ ಇರಲಿ. ವಿಂಗಡಣೆಯ ಗೆರೆ ಎಳೆಯಬೇಕಾದದ್ದು ಹತಾರದ ಬೆಲೆಯ ಮೇಲಲ್ಲ, ಅದಕ್ಕೆ ಉಜ್ಜಾಡುವ ಮೈ ಅಥವಾ ಹರಿತವಾದ ಬಾಯಿ ಇದೆಯೇ ಎಂಬುದರ ಮೇಲೆ. ಬೇರಿಂಗ್ ಇರುವುದೆಲ್ಲ, ಅಳತೆ ತೆಗೆಯುವುದೆಲ್ಲ, ಉಳಿ, ಅರ, ಡ್ರಿಲ್ ಬಿಟ್ಟುಗಳಂತೆ ಬಾಯಿ ಇರುವುದೆಲ್ಲ ಒಳಗೆ. ಗ್ರೀಸಿನ ಡಬ್ಬಿ ಕಡ್ಡಾಯವಾಗಿ ಒಳಗೆ. ಮುಚ್ಚಳ ತೆರೆದ ಗ್ರೀಸಿಗೆ ಧೂಳು ಬಿದ್ದರೆ ಅದನ್ನು ಮತ್ತೆ ತೆಗೆಯುವ ದಾರಿಯಿಲ್ಲ, ಆ ಡಬ್ಬಿಯೇ ಮುಂದಿನ ಹತ್ತು ಬೇರಿಂಗುಗಳ ಕಾಯಿಲೆ. ಈಚೆಗೆ ಬಹಳ ಮಾರಾಟವಾಗುತ್ತಿರುವ ಅಯಸ್ಕಾಂತದ ಪಟ್ಟಿಯನ್ನೂ ಇಲ್ಲಿ ಅನುಮಾನದಿಂದಲೇ ನೋಡಬೇಕು. ಗ್ರೈಂಡರಿನಿಂದ ಹಾರುವ ಉಕ್ಕಿನ ಪುಡಿಯನ್ನು ಅದು ಗಡ್ಡದಂತೆ ಬೆಳೆಸಿಕೊಳ್ಳುತ್ತದೆ, ಆಮೇಲೆ ಹತಾರಕ್ಕೆ ದಾಟಿಸುತ್ತದೆ.

ಇನ್ನು ಗುಡಿಸುವ ಮಾತು. ಹೆಮಟೈಟಿನ ಸಾಂದ್ರತೆ ನೀರಿನ ಐದು ಪಟ್ಟಿಗೂ ಸ್ವಲ್ಪ ಹೆಚ್ಚು; ಬೆಣಚುಕಲ್ಲಿನದು ಅದರ ಅರ್ಧ. ಒಂದೇ ಗಾತ್ರದ ಕಣಗಳಲ್ಲಿ ಅದಿರಿನದು ಬೇಗ ಕೆಳಗಿಳಿಯುತ್ತದೆ. ಲೆಕ್ಕ ಹಾಕಿದರೆ, ಅಲುಗಾಡದ ಗಾಳಿಯಲ್ಲಿ ಹತ್ತು ಮೈಕ್ರಾನಿನ ಅದಿರಿನ ಕಣ ಹತ್ತಡಿ ಎತ್ತರದಿಂದ ನೆಲ ಮುಟ್ಟಲು ಮೂರು ನಿಮಿಷ ಸಾಕು. ಒಂದು ಮೈಕ್ರಾನಿನ ಕಣಕ್ಕೆ ಮಾತ್ರ ಐದು ಗಂಟೆಯ ಹತ್ತಿರ ಬೇಕು. ಕೆಲಸ ಮುಗಿಸಿ ಸಂಜೆ ಒಣ ಪೊರಕೆಯಲ್ಲಿ ಶೆಡ್ಡು ಗುಡಿಸಿ ಬಾಗಿಲು ಹಾಕುವವರು ನೆಲದ ದಪ್ಪ ಧೂಳನ್ನು ಹೊರಹಾಕಿರುತ್ತಾರೆ, ಸಣ್ಣ ಧೂಳನ್ನು ಎಬ್ಬಿಸಿ ರಾತ್ರಿಯಿಡೀ ಹತಾರಗಳ ಮೇಲೆ ಇಳಿಯಲು ಬಿಟ್ಟಿರುತ್ತಾರೆ. ಎದೆಗೂಡಿನ ಆಳಕ್ಕೆ ಹೋಗುವುದೂ ಈ ಸಣ್ಣದೇ. ಬೆಣಚುಕಲ್ಲಿನ ಸಣ್ಣ ಧೂಳು ಸಿಲಿಕೋಸಿಸ್‌ಗೆ ಕಾರಣ ಎಂಬುದು ಗಣಿ ಊರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಇದಕ್ಕೆ ಮದ್ದು ಮನೆಯ ಮುಂದುಗಡೆಯೇ ಇದೆ. ಬೆಳಗಾಗೆದ್ದು ಅಂಗಳಕ್ಕೆ ನೀರು ಚಿಮುಕಿಸಿ ಆಮೇಲೆ ಗುಡಿಸುತ್ತಾರಲ್ಲ, ಅದೇ. ಅದಿರಿನ ದಾರಿಗಳ ಮೇಲೆ ಟ್ಯಾಂಕರು ನೀರು ಎರಚುವುದರ ಹಿಂದಿರುವ ತತ್ವವೂ ಅದೇ. ಮನೆಯ ಮುಂದೆ ಹೆಂಗಸರು, ಗಣಿಯ ದಾರಿಯಲ್ಲಿ ಟ್ಯಾಂಕರು ಸರಿಯಾಗಿ ಮಾಡುವ ಕೆಲಸವನ್ನು ಹಿತ್ತಿಲ ಶೆಡ್ಡಿನ ಯಜಮಾನ ಮಾತ್ರ ತಪ್ಪಾಗಿ ಮಾಡುತ್ತಾನೆ. ನೆಲಕ್ಕೆ ಒದ್ದೆಬಟ್ಟೆ, ಬೆಂಚಿಗೆ ಒದ್ದೆಬಟ್ಟೆ, ಕಬ್ಬಿಣದ ಹತಾರಕ್ಕೆ ಒಂದು ಹನಿ ಎಣ್ಣೆ ಸವರಿ ಹಿಂಡಿದಂಥ ಬಟ್ಟೆ. ಪೊರಕೆಯನ್ನು ಶೆಡ್ಡಿನಿಂದ ಹೊರಗಿಡುವುದು ಲೇಸು.

ಶೆಡ್ಡನ್ನು ಇಷ್ಟು ಬಿಗಿಯಾಗಿ ಮುಚ್ಚಿದರೆ ಬೇಸಿಗೆಯಲ್ಲಿ ಒಳಗೆ ಬೇಯಬೇಕಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಬಳ್ಳಾರಿ ಸೀಮೆಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವಾಗ ತಗಡಿನ ಕೆಳಗೆ ನಿಂತವರಿಗೆ ಇದು ಬರೀ ವಾದವಲ್ಲ. ಸಾಮಾನ್ಯವಾಗಿ ಮಾಡುವ ಪರಿಹಾರವೆಂದರೆ ಗೋಡೆಯ ಮೇಲ್ಭಾಗಕ್ಕೆ ಒಂದು ಎಗ್ಸಾಸ್ಟ್ ಫ್ಯಾನು. ಅದು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ಆ ಖಾಲಿಯನ್ನು ತುಂಬಲು ಬಾಗಿಲ ಸಂದು, ತಗಡಿನ ಏಣು, ಮೊಳೆಯ ತೂತು ಎಲ್ಲ ಕಡೆಯಿಂದಲೂ ಹೊರಗಿನ ಧೂಳುಗಾಳಿ ಒಳಗೆ ನುಗ್ಗುತ್ತದೆ. ಫ್ಯಾನು ದೊಡ್ಡದಾದಷ್ಟೂ ಧೂಳು ಹೆಚ್ಚು. ಗಣಿಯ ಹೊಸ ಕಾಲದ ಡಂಪರು, ಶವೆಲ್ಲುಗಳ ಕ್ಯಾಬಿನ್ನನ್ನು ಗಮನಿಸಿದವರಿಗೆ ಇದರ ಉತ್ತರ ಗೊತ್ತಿರುತ್ತದೆ. ಅಲ್ಲಿ ಫಿಲ್ಟರಿನ ಮೂಲಕ ಸೋಸಿದ ಗಾಳಿಯನ್ನು ಒಳಕ್ಕೆ ತುಂಬುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಹೆಚ್ಚಿರುವುದರಿಂದ ಸಂದುಗಳಲ್ಲಿ ಗಾಳಿ ಹೊರಕ್ಕೆ ಹರಿಯುತ್ತದೆ, ಧೂಳಿಗೆ ದಾರಿ ಸಿಗುವುದಿಲ್ಲ. ಶೆಡ್ಡಿಗೂ ಇದೇ ನಡೆಯುತ್ತದೆ: ಅದಿರಿನ ಲಾರಿ ಓಡಾಡುವ ದಾರಿಗೆ ಬೆನ್ನಾದ ಗೋಡೆಯಲ್ಲಿ ಒಂದು ಫ್ಯಾನು, ಅದು ಒಳಮುಖವಾಗಿ ಊದಬೇಕು, ಅದರ ಮುಂದೆ ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಬಟ್ಟೆಯ ಚೌಕಟ್ಟು. ಬೇಸಿಗೆಯಲ್ಲಿ ಅದೇ ಜಾಗಕ್ಕೆ ಕೂಲರ್ ಇಟ್ಟರೆ ಒದ್ದೆ ಪ್ಯಾಡು ಗಾಳಿಯನ್ನು ತಂಪೂ ಮಾಡುತ್ತದೆ, ಒಂದಷ್ಟು ಧೂಳನ್ನೂ ಹಿಡಿಯುತ್ತದೆ. ಆದರೆ ಕೂಲರ್ ತೇವ ತರುತ್ತದೆ, ಗಾಳಿಯ ತೇವಾಂಶ ಶೇ 60 ದಾಟಿದ ಕಡೆ ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆ. ಧೂಳು ಕೂತ ಮೈ ತೇವವನ್ನು ಹಿಡಿದಿಡುವುದರಿಂದ ಇನ್ನೂ ಬೇಗ. ಒಣ ಮೇ ತಿಂಗಳಿಗೆ ಸರಿಹೋಗುವ ಕೂಲರು ಜುಲೈಗೆ ಆಗದು. ಗ್ರೈಂಡಿಂಗ್, ವೆಲ್ಡಿಂಗ್ ಮಾಡುವಾಗಂತೂ ಲೆಕ್ಕ ತಿರುವುಮುರುವು. ಆಗ ಧೂಳು, ಹೊಗೆ ಹುಟ್ಟುವುದೇ ಒಳಗೆ, ಅದು ಹೊರಗೆ ಹೋಗಬೇಕು. ಆ ಎರಡು ಕೆಲಸಗಳನ್ನು ಶೆಡ್ಡಿನ ಹೊರಗೆ, ಬಯಲಿಗೆ ಚಾಚಿದ ಒಂದು ಮಾಡಿನ ಕೆಳಗೆ ಮಾಡುವುದೇ ಒಳ್ಳೆಯದು.

ಮಾಡಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಳೆಯ ಶೆಡ್ಡುಗಳ ಮೇಲೆ ಸಿಮೆಂಟ್ ಶೀಟು ಎಂದು ಕರೆಯುವ ಹಾಸು ಇದ್ದರೆ ಅದರಲ್ಲಿ ಕಲ್ನಾರು ಇರುವ ಸಂಭವ ಬಹಳ. ಅದನ್ನು ಕೊರೆಯುವುದು, ಗ್ರೈಂಡರಿನಲ್ಲಿ ಕತ್ತರಿಸುವುದು, ಒಡೆದು ಕೆಳಗೆ ಎಸೆಯುವುದು ಬೇಡ. ಕಲ್ನಾರಿನ ಎಳೆ ಕ್ಯಾನ್ಸರ್ ತರುತ್ತದೆಂಬುದರಲ್ಲಿ ಸಂದೇಹವೇ ಇಲ್ಲ. ತೆಗೆಯಲೇಬೇಕಿದ್ದರೆ ನೀರಿನಲ್ಲಿ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು, ಮುಖಕ್ಕೆ ಸರಿಯಾದ ಮಾಸ್ಕು ಇರಬೇಕು. ತೆಗೆಯುವ ಅಗತ್ಯವಿಲ್ಲದಿದ್ದರೆ ಮುಟ್ಟದಿರುವುದೇ ಕ್ಷೇಮ.

ಈಗ ಧೂಳು ಮೊದಲಿನಷ್ಟಿಲ್ಲ, ಇದೆಲ್ಲ ಹಳೇ ಕಾಲದ ಭಯ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸುವ ಮೊದಲು ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಹಿಂಡುಹಿಂಡಾಗಿ ಓಡಿದ ದಿನಗಳಿಗೂ, ಆಮೇಲೆ ಮಿತಿ ಹಾಕಿ ಗಣಿಗಳನ್ನು ಮತ್ತೆ ತೆರೆದ ದಿನಗಳಿಗೂ ವ್ಯತ್ಯಾಸ ದೊಡ್ಡದು. ಆದರೆ ಆ ಮಿತಿ ಕಲ್ಲಿನಲ್ಲಿ ಕೊರೆದದ್ದಲ್ಲ. ಬಳ್ಳಾರಿಗೆ ವರ್ಷಕ್ಕೆ 2.8 ಕೋಟಿ ಟನ್ ಎಂದಿದ್ದುದನ್ನು 2022ರ ಆಗಸ್ಟಿನಲ್ಲಿ ಕೋರ್ಟು 3.5 ಕೋಟಿ ಟನ್ನಿಗೆ ಏರಿಸಿತು. ದೋಣಿಮಲೈ ಗಣಿಯೇ ಗುತ್ತಿಗೆ ನವೀಕರಣದ ತಕರಾರಿನಿಂದ 2018ರ ನವೆಂಬರಿನಲ್ಲಿ ನಿಂತು 2021ರ ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಧೂಳಿನ ಪ್ರಮಾಣ ಹೀಗೆ ಕೋರ್ಟು, ಸರ್ಕಾರ, ಉಕ್ಕಿನ ಮಾರುಕಟ್ಟೆಗಳ ಜೊತೆ ಏರಿಳಿಯುತ್ತದೆ. ಶೆಡ್ಡಿನ ಡ್ರಾಯರನ್ನು ವರ್ಷಕ್ಕೊಮ್ಮೆ ಕಿತ್ತು ಕಟ್ಟಲಾಗದು. ಹತ್ತಾರು ವರ್ಷ ರಸ್ತೆಬದಿಯಲ್ಲಿ, ಮರದ ಎಲೆಗಳಲ್ಲಿ, ಮನೆಯ ಸೂರಿನಲ್ಲಿ ಕೂತ ಹಳೆಯ ಧೂಳೂ ಗಾಳಿ ಬಂದಾಗಲೆಲ್ಲ ಮತ್ತೆ ಏಳುತ್ತದೆ.

ಖರ್ಚಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಬಾಗಿಲ ಕೆಳಸಂದಿಗೆ ಸೀಳಿದ ಸೈಕಲ್ ಟ್ಯೂಬು, ತಗಡಿನ ಏಣುಗಳಿಗೆ ಫೋಮಿನ ಪಟ್ಟಿ, ಗುಜರಿಯಲ್ಲಿ ಸಿಗುವ ಆಫೀಸಿನ ಹಳೇ ಫೈಲಿಂಗ್ ಕ್ಯಾಬಿನೆಟ್ಟು: ಇವುಗಳಲ್ಲಿ ಯಾವುದೂ ತೂತಿನ ಬೋರ್ಡು, ಕೊಕ್ಕೆಗಳ ಸೆಟ್ಟಿಗಿಂತ ಭಾರೀ ದುಬಾರಿಯಲ್ಲ. ಸಮಯದ್ದು ಬೇರೆ ಪ್ರಶ್ನೆ. ಆಯುಧಪೂಜೆಯ ಹಿಂದಿನ ದಿನ ಹೇಗೂ ಎಲ್ಲ ಹತಾರವನ್ನೂ ಹೊರತೆಗೆದು ತೊಳೆಯುತ್ತಾರೆ. ಮಹಾನವಮಿ ದಿಬ್ಬದ ನೆರಳಿನ ಈ ಸೀಮೆಯಲ್ಲಿ ಆ ದಿನಕ್ಕಿರುವ ಗೌರವ ಬೇರೆ ಯಾವ ಕ್ಯಾಲೆಂಡರಿಗೂ ಇಲ್ಲ. ಕುಂಕುಮ ಇಡುವ ಮುನ್ನ, ಕಳೆದ ವರ್ಷ ತೊಳೆದ ಮೇಲೆ ಒಮ್ಮೆಯೂ ಬಳಸದ ಹತಾರ ಯಾವುದೆಂದು ನೋಡಿದರೆ ಫೈವ್ ಎಸ್‌ನ ಮೊದಲ ಹೆಜ್ಜೆ ಅಲ್ಲಿಗೇ ಮುಗಿಯುತ್ತದೆ.

ಉಳಿದದ್ದು ಕಂಪನಿ ಕ್ವಾರ್ಟರ್ಸಿನ ತೊಡಕು. ನಿವೃತ್ತಿಯ ದಿನ ಬಂದರೆ ಮನೆ ಬಿಡಬೇಕು. ಸ್ವಂತ ಜಾಗದಲ್ಲದ ಶೆಡ್ಡಿಗೆ ಇಷ್ಟೆಲ್ಲ ಏಕೆ ಎನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ವೆಲ್ಡಿಂಗ್ ಬಲ್ಲವರೂ ಇಲ್ಲಿ ವೆಲ್ಡಿಂಗಿನ ಆಸೆ ಬಿಡಬೇಕು. ತೂತು ಕೊರೆದ ಆಂಗಲ್ಲಿಗೆ ನಟ್ಟು ಬೋಲ್ಟು ಹಾಕಿ ಕಟ್ಟಿದ ಬೆಂಚು, ಗೋಡೆಗೆ ಹೊಡೆಯದೆ ನೆಲದ ಮೇಲೆ ನಿಂತ ಕ್ಯಾಬಿನೆಟ್ಟು, ಚೌಕಟ್ಟಿನ ಸಮೇತ ಬಿಚ್ಚಬಹುದಾದ ಫ್ಯಾನು, ಇವೆಲ್ಲ ಒಂದು ಮಿನಿ ಲಾರಿಯಲ್ಲಿ ಹಿಡಿಯುತ್ತವೆ. ಗೋಡೆಗೆ ಮೊಳೆ ಹೊಡೆದು ಆಕಾರ ಬರೆದ ಬೋರ್ಡಿನ ಶಿಸ್ತು ಗೋಡೆಯ ಜೊತೆಗೇ ಉಳಿದುಹೋಗುತ್ತದೆ. ಡ್ರಾಯರಿನ ಶಿಸ್ತು ಯಜಮಾನನ ಜೊತೆ ಹೊಸಪೇಟೆಗೋ ಕಂಪ್ಲಿಗೋ ಹೊರಡುತ್ತದೆ. ಕಂಪ್ಲಿಯ ಗದ್ದೆ ಬಯಲಿನಲ್ಲಿ ಎದುರಾಗುವುದು ಬೇರೆ ಧೂಳು: ಎರೆಮಣ್ಣಿನದು, ಕೊಯ್ಲಿನ ಕಾಲಕ್ಕೆ ಭತ್ತದ ಹೊಟ್ಟಿನದು. ಹಗುರ, ಮೆದು, ಆದರೆ ಕಾಲುವೆ ಸೀಮೆಯ ತೇವದ ಜೊತೆ ಬರುವಂಥದ್ದು. ಅಲ್ಲಿ ಸವೆತಕ್ಕಿಂತ ತುಕ್ಕಿನ ಚಿಂತೆ ಹೆಚ್ಚು. ಯಾವ ಊರಾದರೂ ಸಾಮಾನು ಇಳಿಸುವ ಮುನ್ನ ಮೂರು ಬಿಳಿ ಟೈಲ್ಸಿನ ತುಂಡುಗಳನ್ನು ಖಾಲಿ ಶೆಡ್ಡಿನ ಮೂರು ಮೂಲೆಗಳಲ್ಲಿ ಒಂದು ವಾರ ಇಟ್ಟು, ಆಮೇಲೆ ಒಂದೊಂದರ ಮೇಲೂ ಬೆರಳು ಎಳೆದು ನೋಡಬೇಕು. ಗೆರೆ ಅತಿ ತೆಳುವಾಗಿ ಮೂಡಿದ ಮೂಲೆಗೆ ಡ್ರಾಯರು, ದಪ್ಪವಾಗಿ ಮೂಡಿದ ಮೂಲೆಗೆ ಸಲಿಕೆ, ಹಾರೆ.